ಉಂಡ ಹೊಲಕ್ಕೆ ಬಡಿಸಿದ ಸುಣ್ಣ

ಹೋದ ತಿಂಗಳು ತೆರಕಣಾಂಬಿಯಲ್ಲಿ ರೈತರನ್ನೆಲ್ಲ ಸೇರಿಸಿ ಒಂದು ಸಭೆ ಮಾಡಿದರು. ಕೃಷಿ ಇಲಾಖೆಯಿಂದ ಬಂದಿದ್ದ ಹುಡುಗಿ, ನನ್ನ ಮಗಳ ವಯಸ್ಸಿನವಳು, ಕಬ್ಬಿಣದ ಬಾಂಡ್ಲಿಯಲ್ಲಿ ನಾಲ್ಕು ಉಂಡೆ ಸುಟ್ಟ ಸುಣ್ಣ ಇಟ್ಟು ಮೇಲೆ ಒಂದು ಚೊಂಬು ನೀರು ಸುರಿದಳು. ಬುಸ್ ಅಂದಿತು, ಹಬೆ ಎದ್ದಿತು. ಕಾದ ಗೋಡೆಗೆ ಮೊದಲ ಮಳೆ ಬಿದ್ದ ಹಾಗಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿ ಪಾಪ, "ಮಣ್ಣು ಪರೀಕ್ಷೆ ಮಾಡಿಸದೆ ಯಾರೂ ಹೊಲಕ್ಕೆ ಸುಣ್ಣ ಹಾಕಬೇಡಿ, ಎಲ್ಲ ಮಣ್ಣಿಗೂ ಸುಣ್ಣ ಆಗಿಬರಲ್ಲ" ಅಂತ ಹೇಳುತ್ತಿದ್ದಳು. ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಕುಲುಕುಲು ನಗುತ್ತಿದ್ದೆ.

"ಯಾಕಮ್ಮ, ನಾನೇನಾದ್ರೂ ತಪ್ಪು ಹೇಳಿದ್ನಾ?" ಅಂದಳು.

"ಇಲ್ಲ ಕಣವ್ವ, ಸರಿಯಾಗೇ ಹೇಳ್ತಾ ಇದ್ದೀಯೆ. ಆಗಿನ ಕಾಲಕ್ಕೆ ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು" ಅಂದೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಅಲ್ಲಿ ಹೊತ್ತೂ ಇರಲಿಲ್ಲ, ಊಟಕ್ಕೆ ಬಿಟ್ಟರು.

ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಮೈಸೂರು ಜಿಲ್ಲೆಯವರು ಅನ್ನಿಸಿಕೊಂಡಿದ್ದೆವು. ನನ್ನ ತವರು ಬದನಗುಪ್ಪೆ ಹತ್ತಿರದ ಒಂದು ಸಣ್ಣ ಊರು. ಈಗ ಆ ಕಡೆ ಫ್ಯಾಕ್ಟರಿ ಕಾಂಪೌಂಡುಗಳೆದ್ದಿವೆ. ಆಗ ಬರೀ ಬಯಲು, ಬಯಲಿನ ತುದಿಗೆ ನಮ್ಮಪ್ಪನ ಸುಣ್ಣದ ಗೂಡು. ಕರಿ ಹೊಲಗಳಲ್ಲಿ ಸಿಗುವ ಸುಣ್ಣದ ಕಲ್ಲನ್ನು ಆಯ್ದು ತಂದು, ಗೂಡಿಗೆ ತುಂಬಿ ಸುಟ್ಟು ಮಾರುವುದು ನಮ್ಮ ಕಸುಬು. ನಡೆಯೋಕೆ ಕಲಿತಾಗಿನಿಂದ ನಾನು ಆ ಕಲ್ಲು ಆಯ್ದವಳು.

ನನ್ನನ್ನು ಕೊಟ್ಟಿದ್ದು ತೆರಕಣಾಂಬಿ ಹತ್ತಿರದ ಊರಿಗೆ. ಒಂದೇ ಕುಲ. ಆದರೆ ಅವರು ತಾತನ ಕಾಲಕ್ಕೇ ಗೂಡು ಬಿಟ್ಟು ಜಮೀನು ಮಾಡಿಕೊಂಡಿದ್ದರು, ಹಾಗಾಗಿ ಸುಣ್ಣ ಅಂದರೆ ಮೂಗು ಮುರಿಯೋರು. ನನ್ನ ಬಾವ, ಅಂದರೆ ನಮ್ಮ ಯಜಮಾನರ ಅಣ್ಣ ಗೋವಿಂದಶೆಟ್ಟಿ, ಆಗೆಲ್ಲ ನನ್ನನ್ನು ಚಿಕ್ಕತಾಯಿ ಅಂತ ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. "ಗೂಡಿನೋಳು" ಅನ್ನೋನು. "ಗೂಡಿನೋಳ್ಗೆ ಏಳ್ಲಾ, ನೀರ್ ತತ್ತಾಳೆ." ನಮ್ಮ ಯಜಮಾನರು ಮಾದಶೆಟ್ಟಿ ದೇವರಂಥ ಮನುಷ್ಯ. ದೇವರ ಹಾಗೇ, ಯಾರು ಏನು ಮಾಡಿದರೂ ಸುಮ್ಮನೆ ನೋಡುತ್ತ ಕೂರೋರು.

ಅತ್ತೆ ತೀರಿಕೊಂಡ ಮೇಲೆ ಹೊಲ ಭಾಗವಾಯಿತು. ನಮ್ಮ ಕಡೆ ಒಂದು ಪದ್ಧತಿ ಇದೆ. ದೊಡ್ಡವನು ಭಾಗ ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಮೋಸವಾಗದಿರಲಿ ಅಂತ ಹಿರಿಯರು ಮಾಡಿಟ್ಟ ಕಟ್ಟು. ಕೆರೆ ಕೆಳಗಿನ ಕರೇ ಹೊಲ ಎರಡು ಎಕರೆ, ಗುಡ್ಡದ ಬುಡದ ಕೆಂಪು ಹೊಲ ಎರಡು ಎಕರೆ. ಅಳತೆಗೆ ಎರಡೂ ಸಮ. ಆದರೆ ಕರೇ ಹೊಲದಲ್ಲಿ ಕಡ್ಡಿ ನೆಟ್ಟರೂ ಚಿಗುರೋದು. ಕೆಂಪು ಹೊಲಕ್ಕೆ ವರ್ಷ ವರ್ಷ ಅಮೋನಿಯಾ ಗೊಬ್ಬರ ಸುರಿದು ಸುರಿದು ಅದು ಸತ್ತಿತ್ತು. ಕಡ್ಲೇಕಾಯಿ ಹಾಕಿದರೆ ಗಿಡ ಬರೋದು, ಕಾಯಿ ಕಟ್ಟೋದು, ಒಳಗೆ ಬೀಜ ಮಾತ್ರ ಇಲ್ಲ. ಕೈಯಲ್ಲಿ ಒತ್ತಿದರೆ ಪಟ್ ಅಂತ ಒಡೆಯೋ ಜೊಳ್ಳು.

ಪಂಚಾಯ್ತಿದಾರರ ಮುಂದೆ ಬಾವ, "ಆರಿಸ್ಕೊಳ್ಳಪ್ಪ ಮಾದ, ನಿಂದೇ ಮೊದ್ಲು" ಅಂದ. ಅಂದು ತಮ್ಮನ ಮುಖವನ್ನೇ ನೋಡಿದ. ಆ ನೋಟ ನನಗೆ ಗೊತ್ತು, ಎತ್ತಿನ ಮುಂದೆ ಚಾಟಿ ಎತ್ತಿ ಹಿಡಿಯೋ ನೋಟ. ನಮ್ಮ ದೇವರು ತಲೆ ತಗ್ಗಿಸಿ, "ನಂಗೆ ಕೆಂಪು ಒಲವೇ ಇರ್ಲಿ" ಅಂದುಬಿಟ್ಟರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ನಮ್ಮವರು ಕೇಳಿ ಸುಣ್ಣ ಹಚ್ಚಿಸಿಕೊಂಡರು. ನಾನು ಬಾಗಿಲ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಮಾತು ಮುಗಿದ ಮೇಲೆ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳಬೇಕು, ಅಲ್ಲಿಗೆ ಭಾಗ ಗಟ್ಟಿ. ನಮ್ಮಪ್ಪನೂ ಸಾಕ್ಷಿಗೆ ಬಂದಿದ್ದರು. ತಟ್ಟೆಯಲ್ಲಿ ಎಲೆ ಇತ್ತು, ಅಡಿಕೆ ಇತ್ತು, ಸುಣ್ಣ ಮರೆತಿದ್ದರು. ಅಪ್ಪ ತಮ್ಮ ಹಿತ್ತಾಳೆ ಸುಣ್ಣದ ಡಬ್ಬಿ ತೆಗೆದು ಬಾವನ ಮುಂದೆ ಚಾಚಿದರು. ಬಾವ ಬೆರಳ ತುದಿಯಲ್ಲಿ ಆ ಡಬ್ಬಿಯನ್ನು ತಳ್ಳಿದ. "ನಿಮ್ ಗೂಡಿನ್ ಸುಣ್ಣ ನಮ್ ಬಾಯ್ಗೆ ಬ್ಯಾಡ ಬುಡಿ. ಗ್ವಾಡೆಗೆ ಬಳ್ಕೊಳ್ಳಿ." ಡಬ್ಬಿ ಜಗಲಿಯಿಂದ ಕೆಳಗಿನ ಕಲ್ಲಿನ ಮೇಲೆ ಬಿದ್ದು ಒಂದು ಮೂಲೆ ನಜ್ಜಾಯಿತು. ಜನ ನಕ್ಕರು. ಎಪ್ಪತ್ತರ ಹತ್ತಿರದ ನಮ್ಮಪ್ಪ ಕೆಳಗಿಳಿದು, ಬಗ್ಗಿ, ಅದನ್ನು ಎತ್ತಿ ಪಂಚೆಯಲ್ಲಿ ಒರೆಸಿಕೊಂಡರು.

ನಾನು ಹೊರಗೆ ಬಂದು ಆ ಡಬ್ಬಿ ಅವರ ಕೈಯಿಂದ ಈಸಿಕೊಂಡೆ. "ಇದು ನನ್ನ ಹತ್ರ ಇರ್ಲಿ ಅಪ್ಪ" ಅಂದೆ. ಬಾವ ನನ್ನ ಮನೆ ಜಗಲಿ ಮೇಲೆ ಕೂತು, ಇದೇ ಡಬ್ಬಿಯ ಸುಣ್ಣಕ್ಕೆ ಕೈ ಚಾಚಬೇಕು. ಅಲ್ಲಿವರೆಗೂ ಈ ಡಬ್ಬಿ ತವರಿಗೆ ವಾಪಸ್ ಹೋಗಲ್ಲ ಅಂತ ಅವತ್ತು ಆಣೆ ಹಾಕಿಕೊಂಡೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಆ ವರ್ಷ ಕೆಂಪು ಹೊಲ ಎಂದಿನಂತೆ ಜೊಳ್ಳು ಕೊಟ್ಟಿತು. ಬಾವ ಬದುವಿನ ಮೇಲೆ ನಿಂತು ತಮ್ಮನಿಗೆ ಹೇಳಿದ, "ನೋಡ್ಲಾ ಮಾದ, ಬರೋ ವರ್ಷವೂ ಇಂಗೇ ಆದ್ರೆ ಈ ಒಲವೂ ನಂಗೇ ಬುಟ್ಬುಡು. ನನ್ನ ಒಲ್ದಲ್ಲೇ ಗೇಯ್ಕೊಂಡಿರು, ಎರಡೊತ್ತು ಇಟ್ ಆಕ್ತೀನಿ." ನಮ್ಮವರು, "ಆಗ್ಲಿ ಕಣಣ್ಣ" ಅಂದರು. ಆಗ್ಲಿ ಅಂತೆ! ನನ್ನ ಗಂಡ ಅವನ ಆಳಾಗಬೇಕು, ನಾನು ಅವನ ಹಟ್ಟಿ ಬಳಿಯಬೇಕು. ನಮಗೆ ಉಳಿದಿದ್ದು ಒಂದೇ ಒಂದು ಬೆಳೆ.

ಮಾರನೇ ದಿನವೇ ತವರಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದೆ. ಅಪ್ಪ ಹೊಲದಲ್ಲಿ ಒಂದು ಸುತ್ತು ಹಾಕಿದರು. ಎಲ್ಲ ಕಡೆ ಹುಳಿಸೊಪ್ಪಿನ ಕಳೆ ಎದ್ದಿತ್ತು. ಒಂದು ಹಿಡಿ ಮಣ್ಣು ಎತ್ತಿ ಕಲ್ಲಿನ ಮೇಲಿಟ್ಟು, ಜೇಬಿನಿಂದ ನಿಂಬೆಹಣ್ಣು ತೆಗೆದು ಕುಯ್ದು ಹಿಂಡಿದರು. ಮಣ್ಣು ಸುಮ್ಮನೆ ನೆನೆದುಕೊಂಡಿತು, ಅಷ್ಟೆ. ಆಮೇಲೆ ನನ್ನ ಕೈ ಹಿಡಿದು ಕೆರೆ ಕೆಳಗೆ ಕರೆದುಕೊಂಡು ಹೋಗಿ, ಬದುವಿನಾಚೆ ಬಾಗಿ ಬಾವನ ಕರೇ ಹೊಲದಿಂದ ಒಂದು ಹಿಡಿ ಎತ್ತಿಕೊಂಡರು. ಅದರಲ್ಲಿ ಬಿಳೀ ಹರಳುಗಳಿದ್ದವು, ನಾವು ಗೂಡಿಗೆ ಆಯುತ್ತಿದ್ದಂಥವೇ. ಉಳಿದ ಅರ್ಧ ಹಣ್ಣು ಹಿಂಡಿದರೆ ಚುರ್ ಅಂತ ನೊರೆ ಎದ್ದಿತು.

"ನೋಡ್ದಾ ಕೂಸೆ" ಅಂದರು ಅಪ್ಪ. "ಇದು ಉಂಡಿರೋ ಒಲ. ಇದ್ರ ಒಟ್ಟೇಲೇ ಸುಣ್ಣ ಅದೆ. ನಿಂದು ಅಸ್ದಿರೋ ಒಲ. ಅಸ್ದೋರ್ಗೆ ಬಡಿಸ್ಬೇಕು, ಉಂಡೋರ್ಗೆ ಬಡಿಸ್ಬಾರ್ದು. ಇನ್ನೊಂದ್ ಮಾತು ಕೇಳು. ಸುಣ್ಣ ಆಕಿ ಉತ್ತ ಮ್ಯಾಲೆ ಇಪ್ಪತ್ ದಿನ ಗೊಬ್ಬರದ ತಂಟೆಗೇ ಓಗ್ಬ್ಯಾಡ. ಎರಡೂ ಜೊತೆಗ್ ಬಿದ್ರೆ ಗೊಬ್ಬರ ಒಗೆಯಾಗ್ ಓಯ್ತದೆ."

ನಮ್ಮ ಗೂಡಿನ ಹಿಂದೆ, ಸುಣ್ಣದ ಪುಡಿ ಗುಡಿಸಿ ಎಸೆಯುತ್ತಿದ್ದ ಕೆಂಪು ನೆಲದಲ್ಲಿ ಅವ್ವ ನಾಲ್ಕು ಸಾಲು ಕಡ್ಲೇಕಾಯಿ ಹಾಕುತ್ತಿದ್ದಳು. ಅಲ್ಲಿ ಒಂದು ಜೊಳ್ಳೂ ಸಿಗುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ಅದು ಅವ್ವನ ಕೈಗುಣ ಅಂದುಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ಅಪ್ಪನ ಗಾಡಿಯಲ್ಲೇ ಸುಣ್ಣ ತಂದೆವು. ಮೊದಲನೇ ಗಾಡಿ ಸುಖವಾಗಿ ಬಂತು. ಎರಡನೆಯದರಲ್ಲಿ ನಾನೂ ಅಪ್ಪನ ಜೊತೆ ಕೂತಿದ್ದೆ. ಕೋಳಿ ಕೂಗೋ ಹೊತ್ತಿಗೆ ಹೊರಟು, ಚಾಮರಾಜನಗರ ದಾಟಿ, ತೆರಕಣಾಂಬಿ ಇನ್ನೇನು ಬಂತು ಅನ್ನುವಾಗ ಸಂಜೆ ನಾಲ್ಕಕ್ಕೆ ದಪ್ಪ ಹನಿ ಶುರುವಾಯಿತು. ಮೇಲೆ ಹೊದಿಸಿದ್ದ ಗೋಣಿ ತಾಟು ಗಾಳಿಗೆ ಹಾರಿತು. ಸುಟ್ಟ ಸುಣ್ಣಕ್ಕೆ ನೀರು ತಾಕಿದರೆ ಕೇಳಬೇಕೆ, ಗಾಡಿ ತುಂಬ ಬುಸುಬುಸು ಅನ್ನತೊಡಗಿತು. ಹಬೆಗೆ ಎತ್ತು ಬೆದರಿದವು. ಅಡಿಯಲ್ಲಿ ಹಾಸಿದ್ದ ಹುಲ್ಲು ಹೊಗೆಯಾಡಿತು. ಅಪ್ಪ ಹಗ್ಗ ಕೊಯ್ದು ಎತ್ತು ಬಿಟ್ಟರು, ನಾನು ಬರಿಗೈಯಲ್ಲಿ ಆ ಹುಲ್ಲು ಎಳೆದೆಳೆದು ಬಿಸಾಡಿದೆ. ಎಡಗೈ ಅಂಗೈ ಸುಟ್ಟು ಬೊಬ್ಬೆ ಎದ್ದಿತು, ಈಗಲೂ ಕಲೆ ಇದೆ.

ಅದೇ ಹೊತ್ತಿಗೆ ಮೊಪೆಡ್ಡಿನಲ್ಲಿ ಬಾವ ಬಂದ. ಬಂದವನು ಇಳಿಯಲಿಲ್ಲ. ಒಂದು ಕಾಲು ಊರಿ ನಿಂತು, "ಏನ್ ಶೆಟ್ರೆ, ರೋಡಲ್ಲೇ ಗೂಡ್ ಆಕ್ಬುಟ್ರಾ?" ಅಂದು ನಕ್ಕು, ಹೋಗೇಬಿಟ್ಟ. ಮಳೆಯಲ್ಲಿ ಮುದುಕ, ಕೈ ಸುಟ್ಟುಕೊಂಡ ಹೆಂಗಸು, ದಿಕ್ಕೆಟ್ಟು ಓಡುತ್ತಿದ್ದ ಎತ್ತು. ಹೋಗೇಬಿಟ್ಟ ಕಣ್ರೀ! ಅವನ ಬೆನ್ನು ನೋಡುತ್ತ ನಾನು ನಾಲಿಗೆಗೆ ಬಂದದ್ದನ್ನೆಲ್ಲ ಬೈದೆ. ಅಪ್ಪ ಮಾತ್ರ, "ಬುಡು ಕೂಸೆ, ಮಳೆನೇ ನಮ್ ಸುಣ್ಣ ಅರಳಿಸ್ಕೊಟ್ತು, ನೀರ್ ಒಯ್ಯೋ ಕೆಲಸ ತಪ್ತು" ಅಂದರು. ಅಂಥ ಮನುಷ್ಯ ಅವರು. ನಾನು ಅವರ ಹೊಟ್ಟೆಯಲ್ಲಿ ಹೇಗೆ ಹುಟ್ಟಿದೆನೋ ಗೊತ್ತಿಲ್ಲ.

ಅರಳಿ ಪುಡಿಯಾದ ಸುಣ್ಣವನ್ನು ಮಂಕರಿಯಲ್ಲಿ ಹೊತ್ತು ಎರಡೂ ಎಕರೆಗೆ ಎರಚಿದೆವು. ಗಾಳಿಗೆ ಬೆನ್ನು ಕೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಮೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು. ಕೆಂಪು ಹೊಲ ಬಿಳಿಚಿಕೊಂಡಿತು. ಊರವರು ಬಂದು ನೋಡಿ, "ಒಲಕ್ಕೆ ಮದ್ವೆನಾ ಚಿಕ್ಕತಾಯಮ್ಮ, ಸುಣ್ಣ ಬಳೀತಿದ್ದೀಯೆ?" ಅಂತ ಕಿಚಾಯಿಸೋರು. "ಊ ಕಣಪ್ಪ, ನೀವೇ ಬೀಗರು, ಊಟಕ್ಕೆ ಬನ್ನಿ" ಅನ್ನುತ್ತಿದ್ದೆ. ನಮ್ಮವರು ಹಿಂದೆಯೇ ಉತ್ತು ಮಣ್ಣಿಗೆ ಬೆರೆಸಿದರು. ಭರಣಿ ಹೊಯ್ದರೆ ಧರಣಿ ಬೆಳೆ ಅಂತಾರೆ, ಆ ವರ್ಷ ಭರಣಿ ಹೊಯ್ದಳು, ಚೆನ್ನಾಗೇ ಹೊಯ್ದಳು. ಇಪ್ಪತ್ತಲ್ಲ, ಇಪ್ಪತ್ತೈದು ದಿನ ಬಿಟ್ಟು ಗೊಬ್ಬರ ಹಾಕಿ ಬಿತ್ತಿದೆವು.

ಗಿಡ ಎದ್ದಿತು, ಹೂವಾಯಿತು, ಹೂವಿನ ಸೂಜಿ ಮಣ್ಣಿಗಿಳಿಯಿತು. ಆದರೆ ಪ್ರತಿ ವರ್ಷವೂ ಇಷ್ಟರವರೆಗೆ ಎಲ್ಲ ಚೆನ್ನಾಗೇ ಇರುತ್ತಿತ್ತು. ಮಣ್ಣೊಳಗೆ ಏನಾಗುತ್ತಿದೆ ಅಂತ ಯಾರಿಗೆ ಗೊತ್ತು? ಒಂದು ಗಿಡ ಕಿತ್ತು ನೋಡೋಣ ಅಂದರೆ ನಮ್ಮವರು, "ಬ್ಯಾಡ ಕಣಮ್ಮಿ, ಕಣ್ಣು ತಾಗ್ತದೆ" ಅನ್ನೋರು. ಕಣ್ಣು ತಾಗುವುದಲ್ಲ, ನೋಡೋಕೆ ಅವರಿಗೆ ಹೆದರಿಕೆ. ನನಗೂ ಹೆದರಿಕೆಯೇ.

ಕೀಳುವ ದಿನ ಬಾವನೂ ಬಂದು ಬದುವಿನ ಮೇಲೆ ನಿಂತಿದ್ದ, ಹೊಲ ಬಿಡಿಸಿಕೊಳ್ಳೋಕೆ. ನಮ್ಮವರು ಮೊದಲ ಗಿಡ ಕಿತ್ತು ಕೊಡವಿದರು. ಗೊಂಚಲು ಗೊಂಚಲು ಕಾಯಿ. ಒಂದನ್ನು ಹೆಬ್ಬೆರಳಲ್ಲಿ ಒತ್ತಿದರು. ಒಡೆಯಲಿಲ್ಲ. ಜೋರಾಗಿ ಒತ್ತಿದರು, ಬಿರಿಯಿತು, ಒಳಗೆ ತುಂಬು ಬಸುರಿಯ ಹಾಗೆ ಎರಡು ಬೀಜ. ಇನ್ನೊಂದು ಗಿಡ, ಮತ್ತೊಂದು ಗಿಡ. ನಮ್ಮ ದೇವರಿಗೆ ಕೊನೆಗೂ ಬಾಯಿ ಬಂತು. "ಅಮ್ಮಿ, ಬೀಜ ಕಣಮ್ಮಿ! ಬೀಜ ಅದೆ!" ಅಂತ ಹೊಲದ ನಡುವೆ ಕೂತು ಅತ್ತುಬಿಟ್ಟರು. ನಾನು ಅಳಲಿಲ್ಲ. ಬಾವನ ಮುಖ ನೋಡುತ್ತಿದ್ದೆ, ಕಣ್ಣು ತುಂಬ ನೋಡಿದೆ.

ಎಂಟು ದಿನ ತಡಕೊಂಡು ಅವನು ಬಂದ. ಹೊಸಿಲು ತುಳಿಯಲಿಲ್ಲ, ಹಿತ್ತಿಲ ಬೇಲಿಯಾಚೆ ನಿಂತೇ ಕೇಳಿದ.

"ಏನಮ್ಮಿ, ಎಷ್ಟ್ ಆಕ್ದೆ ಸುಣ್ಣ?"

"ಎರಡು ಗಾಡಿ ಬಾವ."

"ಯಾವಾಗ?"

"ಯುಗಾದಿ ಆದ್ಮೇಲೆ, ಭರಣಿಗೆ ಮುಂಚೆ."

"ಇಷ್ಟೇಯಾ? ಆ ಸತ್ತಿರೋ ಒಲವೇ ಎರಡು ಗಾಡೀಗೆ ಇಂಗ್ ಬೆಳೆದ್ರೆ, ನನ್ ಕರೇ ಒಲಕ್ಕೆ ನಾಕ್ ಗಾಡಿ ಆಕಿದ್ರೆ?"

ನಿಂಬೆಹಣ್ಣಿನ ನೊರೆ ಕಣ್ಣ ಮುಂದೆ ಬಂತು. ಒಂದು ಮಾತು, ಒಂದೇ ಒಂದು ಮಾತು ಆಡಬೇಕಿತ್ತು. ಅಂಗೈಯ ಕಲೆ ಒತ್ತಿಕೊಂಡು, "ನಿಮ್ಮ ಹೊಲ, ನಿಮ್ಮಿಷ್ಟ ಬಾವ" ಅಂದೆ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ, ಕೇಳದ್ದನ್ನು ಹೇಳಲಿಲ್ಲ. ಇದಕ್ಕೆ ನೀವು ಏನು ಹೆಸರು ಬೇಕಾದರೂ ಇಡಿ.

ಅವನು ಬಚಾವಾಗೋಕೆ ಇನ್ನೂ ಒಂದು ದಾರಿ ಇತ್ತು. ನಮ್ಮಪ್ಪನ ಗೂಡಿಗೆ ಹೋಗಿದ್ದರೆ, ಯಾವ ಹೊಲಕ್ಕೆ ಅಂತ ಅಪ್ಪ ಕೇಳಿಯೇ ಕೇಳುತ್ತಿದ್ದರು, ಕರೇ ಹೊಲಕ್ಕೆ ಅಂದರೆ ಬೇಡ ಅಂತ ಅಟ್ಟುತ್ತಿದ್ದರು. ಕೊಳ್ಳೋನು ಶತ್ರುವಾದರೂ ಸುಳ್ಳು ವ್ಯಾಪಾರ ಮಾಡುವ ಜೀವವಲ್ಲ ಅದು. ಆದರೆ ಗೂಡಿನ ಸುಣ್ಣ ಬಾಯಿಗೆ ಬೇಡ ಅಂದವನು ಆ ಬಾಗಿಲಿಗೆ ಹೋಗಿ ನಿಲ್ಲೋದುಂಟೆ? ಬೇರೆ ಯಾವುದೋ ಗೂಡಿನಿಂದ ನಾಲ್ಕು ಗಾಡಿ ಹೊಡೆಸಿದ. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಮುಂದಿನ ಯುಗಾದಿಗೆ ಅವನ ಹೊಲ ಬಿಳಿಯಾಯಿತು. ಆಳು ಇದ್ದಾಗಲೇ ಎಲ್ಲ ಮುಗಿಯಲಿ ಅಂತ ಅದೇ ದಿನ ಅಮೋನಿಯಾ ಗೊಬ್ಬರವನ್ನೂ ಎರಚಿಸಿಬಿಟ್ಟ. ಸಂಜೆ ತುಂತುರು ಬಿತ್ತು. ಕೆರೆ ಕಡೆಯಿಂದ ಗಾಳಿ ಬೀಸಿದಾಗ ಎಂಥ ನಾತ ಅಂತೀರಿ! ಮೂಗು ಉರಿದು ಕಣ್ಣಲ್ಲಿ ನೀರು. ಊರವರೆಲ್ಲ ಏನಿದು ಅಂತ ಒಬ್ಬರನ್ನೊಬ್ಬರು ಕೇಳಿದರು. ನಾನು ಹಿತ್ತಿಲಲ್ಲಿ ನಿಂತು ಎದೆ ತುಂಬ ಎಳೆದುಕೊಂಡೆ. ಅವನ ಗೊಬ್ಬರ ಹೊಗೆಯಾಗಿ ಹೋಗುತ್ತಿತ್ತು.

ಅವನ ಕಡ್ಲೇಕಾಯಿ ಗಿಡ ಒಂದು ಗೇಣು ಎದ್ದಾಗ ಎಲೆ ಹಳದಿ ತಿರುಗಿತು. ಎಲೆಯ ನರ ಮಾತ್ರ ಹಸಿರು, ಉಳಿದದ್ದೆಲ್ಲ ಕಾಮಾಲೆ ಹತ್ತಿದ ಕಣ್ಣಿನ ಬಣ್ಣ. ಸುಣ್ಣ ಸಾಲಲಿಲ್ಲ ಅಂತ ಇನ್ನೊಂದು ಗಾಡಿ ತರಿಸಿ ಸಾಲುಗಳ ನಡುವೆ ಸುರಿಸಿದ. ಹಳದಿ ಇದ್ದದ್ದು ಬಿಳಿಚಿತು, ಬಿಳಿಚಿದ್ದು ಸುಟ್ಟುಕೊಂಡಿತು. ಕಡ್ಡಿ ನೆಟ್ಟರೂ ಚಿಗುರುತ್ತಿದ್ದ ಹೊಲ ಅದು.

ಖುಷಿಯಾಯಿತಾ ಅಂದರೆ, ಆಯಿತು. ಸುಳ್ಳು ಯಾಕೆ ಬರೆಯಲಿ? ಒಂದು ದಿನ ಮಾತ್ರ ಆ ಖುಷಿ ನಿಲ್ಲಲಿಲ್ಲ. ನನ್ನ ಓರಗಿತ್ತಿ ಪುಟ್ಟಮ್ಮ, ಬಾವನ ಹೆಂಡತಿ, ಒಬ್ಬಳೇ ಕೂತು ಆ ಗಿಡಗಳನ್ನು ದನಕ್ಕಾದರೂ ಆಗಲಿ ಅಂತ ಕೀಳುತ್ತಿದ್ದಳು. ಅವಳು ನನಗೆ ಯಾವ ಕೇಡೂ ಮಾಡಿದವಳಲ್ಲ. ನನ್ನ ಬಾಣಂತನದಲ್ಲಿ ಗಂಡನ ಕಣ್ಣು ತಪ್ಪಿಸಿ ಮಡಿಲಲ್ಲಿ ಕೊಬ್ಬರಿ ತಂದು ಕೊಟ್ಟವಳು. ಹೋಗಿ ಅವಳ ಜೊತೆ ಬಗ್ಗಿ ಸಂಜೆವರೆಗೂ ಕಿತ್ತೆ. ಏನೂ ಹೇಳಲಿಲ್ಲ.

ಆ ದಿನ ಊಟಕ್ಕೆ ಕೂತಾಗ ನಮ್ಮವರು ಮುದ್ದೆ ಮುರಿಯುತ್ತ ಕೇಳಿದರು, "ಅಣ್ಣನ ಒಲಕ್ಕೆ ಏನಾಯ್ತು ಅಂತ ನಿಂಗೇನಾರ ಗೊತ್ತಾ?"

ಅವರ ಹತ್ತಿರ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ. "ಗೊತ್ತು" ಅಂದೆ. ನಿಂಬೆಹಣ್ಣಿನ ಕಥೆ ಹೇಳಿದೆ.

ಅವರು ತಟ್ಟೆ ಮುಂದಿನಿಂದ ಎದ್ದರು. ಕೈ ತೊಳೆದರು. "ಅದು ನಮ್ಮಪ್ಪ ಕಲ್ಲು ಆಯ್ದು ಮಾಡಿದ್ ಒಲ ಕಣಮ್ಮಿ" ಅಂದರು, ಅಷ್ಟೆ. ಮೂರು ದಿನ ನನ್ನ ಜೊತೆ ಮಾತಿಲ್ಲ. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ, ಹದಿನಾರಾಣೆ ಆಡುತ್ತಿದ್ದೆ, ಆದರೆ ಮೌನದ ಜೊತೆ ಯಾರು ಜಗಳವಾಡೋದು? ನಾಲ್ಕನೇ ದಿನ ಒಂದು ನಿಂಬೆಹಣ್ಣು ತೆಗೆದುಕೊಂಡು ಅಣ್ಣನ ಮನೆಗೆ ಹೋದರು. ಅವನ ಮಣ್ಣು ಅವನ ಮುಂದೆಯೇ ನೊರೆ ಎಬ್ಬಿಸಿದ್ದನ್ನು ತೋರಿಸಿ, ಇನ್ನು ಸುಣ್ಣ ಹಾಕಬೇಡ, ಕೊಟ್ಟಿಗೆ ಗೊಬ್ಬರ, ಹಸಿರು ಸೊಪ್ಪು ತುಳಿಸು ಅಂತ ಹೇಳಿ ಬಂದರು. ಮರುದಿನದಿಂದ ನಮ್ಮ ತಿಪ್ಪೆಯ ಗೊಬ್ಬರವನ್ನೇ ಗಾಡಿಯಲ್ಲಿ ಅಲ್ಲಿಗೆ ಹೊಡೆದರು. ನಾನು ಅಡ್ಡ ನಿಲ್ಲಲಿಲ್ಲ. ಮಂಕರಿ ತುಂಬಿಕೊಡಲೂ ಇಲ್ಲ.

ಮಹಾಲಯ ಕಳೆದ ಮೇಲೆ ಒಂದು ಮಧ್ಯಾಹ್ನ ಬಾವ ಬಂದ. ಈ ಸಲ ಬೇಲಿಯಾಚೆ ಅಲ್ಲ. ಜಗಲಿ ಹತ್ತಿ ಕಂಬಕ್ಕೆ ಒರಗಿ ಕೂತ. ಮನೆಯಲ್ಲಿ ನಾನೊಬ್ಬಳೇ. ಒಂದೇ ವರ್ಷಕ್ಕೆ ಮುಖ ಇಳಿದುಹೋಗಿತ್ತು. ಟವೆಲ್ಲಿನ ಗಂಟಿನಿಂದ ಎಲೆ ತೆಗೆದ, ಅಡಿಕೆ ತೆಗೆದ. ಆಚೆ ಈಚೆ ನೋಡಿದ. ಆಮೇಲೆ ನೆಲ ನೋಡಿಕೊಂಡು ಕೈ ಚಾಚಿದ.

"ಚಿಕ್ಕತಾಯಿ, ವಸಿ ಸುಣ್ಣ ಇದ್ರೆ ಕೊಡವ್ವ."

ಹೆಸರು! ಹನ್ನೊಂದು ವರ್ಷಕ್ಕೆ ಮೊದಲ ಸಲ ಆ ಬಾಯಲ್ಲಿ ನನ್ನ ಹೆಸರು. ನಾನು ಒಳಗೆ ಹೋಗಿ, ಆಗಾಗ ತವರಿನ ಹೊಸ ಸುಣ್ಣ ತುಂಬಿ ಗೋಡೆಯ ಗೂಡಿನಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದ ಹಿತ್ತಾಳೆ ಡಬ್ಬಿ ತಂದೆ. ನಜ್ಜಾದ ಮೂಲೆ ಅವನಿಗೆ ಕಾಣಲಿ ಅಂತ ಆ ಕಡೆಯನ್ನೇ ತಿರುಗಿಸಿ ಹಿಡಿದೆ. ಕಂಡಿತು. ಗುರುತು ಸಿಕ್ಕಿತು. ಅವನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಅವತ್ತು ಬೇಲಿ ತಾವ ಕೇಳ್ದಾಗ ನಿಂಗೆ ಗೊತ್ತಿತ್ತಾ?" ಅಂದ.

"ಗೊತ್ತಿತ್ತು ಬಾವ."

"ನಿಮ್ಮಪ್ಪನ್ ಕೇಳಿದ್ರೆ ಏಳ್ತಿದ್ರಾ?"

"ಹೇಳ್ತಿದ್ರು. ಒಂದು ನಿಂಬೆಹಣ್ಣಲ್ಲಿ ಮುಗೀತಿತ್ತು."

ಅವನು ಇನ್ನೊಂದು ಕೈಯಲ್ಲಿದ್ದ ಎಲೆಯನ್ನು ನನ್ನ ಕಡೆ ಚಾಚಿದ. ಕೆರೆ ಕಡೆ ಯಾರೋ ದನ ಹೊಡೆಯುವ ಸದ್ದು ಕೇಳುತ್ತಿತ್ತು. "ಕೊಡು ಮತ್ತೆ" ಅಂದ. ನಾನು ಅವನ ಕೈಯಿಂದ ಎಲೆ ಈಸಿಕೊಂಡು, ಬೆನ್ನು ಒರೆಸಿ, ನಮ್ಮಪ್ಪನ ಸುಣ್ಣವನ್ನು ನನ್ನ ಬೆರಳಲ್ಲೇ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಕೊಟ್ಟೆ. ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದ. ಕಣ್ಣಲ್ಲಿ ನೀರು ಬಂತು. ಉಗಿಯಲಿಲ್ಲ, ನನ್ನ ಎದುರೇ ಕೂತು ಅಷ್ಟನ್ನೂ ಅಗಿದು ನುಂಗಿದ.

ಸಂಜೆ ನಮ್ಮವರು ಹೊಲದಿಂದ ಬಂದು, "ಅಣ್ಣ ಕಣ್ಣೀರಾಕ್ತಾ ಓಯ್ತಿದ್ದ, ತಪ್ಪಾಯ್ತು ಅಂತ ಒಪ್ಕಂಡ್ನಾ?" ಅಂತ ಕೇಳಿದರು.

"ಊ ಒಪ್ಕೊಂಡ್ರು" ಅಂದೆ. ಎಲೆಗೆ ಎರಡು ಬೆರಳು ಸುಣ್ಣ ಜಾಸ್ತಿ ಹಚ್ಚಿದ್ದೆ ಅಂತ ಅವರಿಗೆ ಇವತ್ತಿನವರೆಗೂ ಹೇಳಿಲ್ಲ.